ನದಿ ಕಡೆಯ ಮೂರು ಸಾಲು

ರೂಪೇಶನನ್ನು ನಾನು ಮೊದಲು ಕಂಡದ್ದು ಅವನ ಮೇಲೆ ಜಗಳಕ್ಕೆ ಹೋದಾಗ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸುಂಕಸಾಳದ ಅರ್ಧ ಊರು ಆ ಜಗಳ ನೋಡಿದೆ.

ಜನವರಿಯ ಬೆಳಿಗ್ಗೆ. ಭತ್ತ ಕೊಯ್ದ ಗದ್ದೆಯಲ್ಲಿ ನಮ್ಮ ಮೊಗೆಕಾಯಿ, ಅಂದರೆ ಸಾಂಬಾರ್ ಸೌತೆಯ ಬಳ್ಳಿ ಹಬ್ಬಿ, ಇನ್ನೇನು ಮೊಗ್ಗು ಬಿಡುವ ಹೊತ್ತು. ಬದುವಿನ ಆಚೆ ಮೂರು ವರ್ಷದಿಂದ ಪಾಳುಬಿದ್ದಿದ್ದ ಗದ್ದೆಗೆ ಯಾರೋ ನೀರು ಹಾಯಿಸುತ್ತಿದ್ದ. ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿಕೊಂಡಿದ್ದ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ. ಗದ್ದೆಯಲ್ಲಿ ಪೆನ್ಸಿಲ್ ಎಂತಕ್ಕೆ ಎಂದು ನನಗೆ ಆಗಲೇ ಸಿಟ್ಟು ಬಂತು. ಏನು ಹಾಕಿದ್ದು ಎಂದು ಕೇಳಿದೆ. ಚಿಬ್ಬಡ ಎಂದ.

ಚಿಬ್ಬಡವನ್ನು ನಾನೂ ಬಾಯಿ ಚಪ್ಪರಿಸಿಕೊಂಡು ತಿನ್ನುವವಳೇ. ಬೇಸಿಗೆಯಲ್ಲಿ ಹಣ್ಣಾಗಿ ತಾನೇ ಬಿರಿದುಕೊಳ್ಳುತ್ತದೆ, ಬೆಲ್ಲ, ತೆಂಗಿನಹಾಲು ಹಾಕಿದರೆ ಊಟವೇ ಬೇಡ. ಆದರೆ ನನ್ನ ಬೀಜದ ಗದ್ದೆಯ ಪಕ್ಕ ಅದು ಬೇಡ. ಮೊಗೆಕಾಯಿ, ಚಿಬ್ಬಡ ಎರಡೂ ಒಂದೇ ಕುಲ. ಜೇನು ಅದರ ಹೂವಿನಿಂದ ಇದರ ಹೂವಿಗೆ ಹಾರಿದರೆ ಸಾಕು. ಈ ವರ್ಷದ ಕಾಯಿ ನೋಡಲು ಚೆನ್ನಾಗಿಯೇ ಇರುತ್ತದೆ, ಸಾಂಬಾರಿಗೂ ಆಗುತ್ತದೆ. ಒಳಗಿನ ಬೀಜ ಕೆಟ್ಟಿರುತ್ತದೆ. ಅದನ್ನು ಮುಂದಿನ ವರ್ಷ ಬಿತ್ತಿದವರಿಗೆ ಮೊಗೆಕಾಯಿಯೂ ಅಲ್ಲದ, ಚಿಬ್ಬಡವೂ ಅಲ್ಲದ ಏನೋ ಒಂದು ಸಿಗುತ್ತದೆ.

ಹೋದ ವರ್ಷ ಎಲ್ಲೋ ದೂರದ ಚಿಬ್ಬಡದಿಂದ ಹಾರಿಬಂದ ಜೇನಿನಿಂದ ಹಾಗೆ ಆಗಿಯೇ ಹೋಗಿತ್ತು. ನಾವು ಏಳು ಜನ ಹೆಂಗಸರು ಸೇರಿ ಬೀಜದ ವ್ಯಾಪಾರ ಶುರುಮಾಡಿ ಇದು ಎರಡನೇ ವರ್ಷ. ಬೀಜ ಸೋಮಕ್ಕನದು. ಅರವತ್ತೈದರ ಈಕೆ ತನ್ನ ಅತ್ತೆಯ ಕಾಲದ ಮೊಗೆಬೀಜವನ್ನು ಬೂದಿಯಲ್ಲಿ ಕಲಸಿ ಜತನ ಮಾಡಿಕೊಂಡು ಬಂದವಳು. ಕೇಳಿದವರಿಗೆಲ್ಲ ಮುಷ್ಟಿ ತುಂಬ ಕೊಡುತ್ತಿದ್ದವಳು. ಅದನ್ನು ಒಣಗಿಸಿ, ಪ್ಯಾಕೆಟ್ ಮಾಡಿ, ಹೆಸರು ಬರೆದು ಮಾರೋಣ ಎಂದು ಹಟ ಹಿಡಿದವಳು ನಾನು. ಮೊದಲ ವರ್ಷವೇ ಮಲ್ಲಾಪುರದ ಕ್ವಾರ್ಟರ್ಸ್‌ನಲ್ಲಿ ತಾರಸಿ ತೋಟ ಮಾಡುವ ಹೆಂಗಸರು ಐನೂರು ಪ್ಯಾಕೆಟ್ ಕೊಂಡರು. ಆರು ತಿಂಗಳಿಗೆ ಅವರ ಗುಂಪಿನ ಸಂಧ್ಯಾ ಮೇಡಂ ಫೋನ್ ಮಾಡಿದರು. ಎಷ್ಟೋ ಮನೆಯ ಕುಂಡಗಳಲ್ಲಿ ಕಾಯಿ ಊದಿಕೊಂಡು, ಸೀಳಿ, ರುಚಿಯೇ ಇಲ್ಲದೆ ಬಂದಿದೆಯಂತೆ. ಇನ್ನೊಂದು ವರ್ಷ ನೋಡುತ್ತೇವೆ, ಮತ್ತೊಮ್ಮೆ ಹೀಗಾದರೆ ನಿಮ್ಮ ಬೀಜದ ಹೆಸರನ್ನೇ ಎತ್ತುವುದಿಲ್ಲ ಎಂದರು. ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಇಷ್ಟೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು ಅವನಿಗೆ ಬಳ್ಳಿ ಕಿತ್ತುಹಾಕಿ ಎಂದು ನೇರವಾಗಿ ಹೇಳಿದೆ. ಅವನು ದನಿ ಏರಿಸಲಿಲ್ಲ. ತಾನು ಕಾರವಾರದ ಕಿನ್ನರದವನೆಂದೂ, ಮಲ್ಲಾಪುರದಲ್ಲಿ ಕಂಟ್ರಾಕ್ಟ್ ಮೇಲೆ ವೈರಿಂಗ್ ಕೆಲಸ ಮಾಡುತ್ತಿದ್ದನೆಂದೂ, ಈಗ ಸೋದರಮಾವನ ಗದ್ದೆ ಗೇಣಿಗೆ ಹಿಡಿದಿದ್ದಾಗಿಯೂ ಹೇಳಿದ. ಪೆನ್ಸಿಲ್‌ನ ಕಥೆ ನನಗೆ ಆಗ ಅರ್ಥವಾಯಿತು. ಕೊನೆಗೆ ತಲೆ ಕೆರೆದುಕೊಂಡು ಒಂದು ಮಾತು ಕೇಳಿದ.

"ನಂದೂ ಬದುಕಬೇಕು, ನಿಮ್ಮದೂ ಬದುಕಬೇಕು. ಅಂಥಾ ದಾರಿ ಎಂತದೂ ಇಲ್ವಾ?"

ಜಗಳಕ್ಕೆ ಹೋದವಳನ್ನು ಹಾಗೆ ಕೇಳಬಾರದು. ಇತ್ತು ದಾರಿ, ನನಗೆ ಗೊತ್ತಿತ್ತು. ಅಂಕೋಲೆಯಲ್ಲಿ ನಡೆದ ತರಬೇತಿಯಲ್ಲಿ ಕಲಿತು ಬಂದಿದ್ದೆ. ಕಷ್ಟದ ಕೆಲಸ, ಅದಕ್ಕೇ ಅವನ ಬಳ್ಳಿ ಕೀಳಿಸುವುದು ಸುಲಭ ಎಂದುಕೊಂಡಿದ್ದೆ.

*

ಕೆಲಸ ಹೀಗೆ. ನಾಳೆ ಅರಳುವ ಹೆಣ್ಣುಹೂವನ್ನು ಇವತ್ತು ಸಂಜೆಯೇ ಗುರುತಿಸಬೇಕು. ಬುಡದಲ್ಲಿ ಬೆರಳ ತುದಿಯಷ್ಟು ಎಳೆಗಾಯಿ ಇರುತ್ತದೆ, ಮೊಗ್ಗಿನ ತುದಿ ಹಳದಿಗೆ ತಿರುಗಿರುತ್ತದೆ. ಅದರ ಬಾಯಿಗೆ ದಾರ ಕಟ್ಟಬೇಕು. ಗಂಡುಹೂವಿಗೂ ಅಷ್ಟೇ. ಬೆಳಿಗ್ಗೆ ಜೇನು ಬಂದು ಸುತ್ತು ಹಾಕಿ ಹೋಗುತ್ತದೆ, ಒಳಗೆ ಹೋಗಲು ಆಗುವುದಿಲ್ಲ. ಆಮೇಲೆ ನಾವು ದಾರ ಬಿಚ್ಚಿ, ಗಂಡುಹೂವನ್ನು ಕಿತ್ತು, ಪಕಳೆ ತೆಗೆದು ಹೆಣ್ಣುಹೂವಿಗೆ ಮೆತ್ತಗೆ ತಾಗಿಸಿ, ಮತ್ತೆ ಬಾಯಿ ಕಟ್ಟಿ, ತೊಟ್ಟಿಗೆ ಒಂದು ಕೆಂಪು ದಾರ ಸುತ್ತುತ್ತೇವೆ. ಕೆಂಪು ದಾರ ಇರುವ ಕಾಯಿ ಬೀಜಕ್ಕೆ. ಉಳಿದದ್ದು ಸಂತೆಗೆ.

ಈ ಕೆಲಸ ಶುರುವಾದ ಎರಡನೇ ದಿನ ಸಂಜೆ ರೂಪೇಶ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿದ. ಮೂರನೇ ದಿನ ಇಳಿದು ಬಂದ. ನಾಲ್ಕನೇ ದಿನ ದಾರದ ಉಂಡೆ ಅವನ ಕೈಯಲ್ಲಿತ್ತು. ತನ್ನ ಚಿಬ್ಬಡದಿಂದ ತೊಂದರೆ ಅಂದ ಮೇಲೆ ಕೆಲಸದಲ್ಲಿ ಪಾಲು ತನಗೂ ಇರಲಿ ಎಂದ. ನಮ್ಮ ಗುಂಪಿನ ಲತಾ ಇಂಥ ನ್ಯಾಯವಂತನನ್ನು ತಾನು ಊರೆಲ್ಲ ಬಂದುಹೋಗುವ ಬಸ್‌ಸ್ಟ್ಯಾಂಡಿನಲ್ಲಿಯೂ ಕಂಡಿಲ್ಲ ಎಂದಳು. ಲತಾಳ ಬಾಯಿಗೆ ಕಟ್ಟುವಷ್ಟು ದಾರ ನಮ್ಮ ಹತ್ತಿರ ಇರಲಿಲ್ಲ.

ಅವನ ಬೆರಳು ದಪ್ಪ. ಮೊದಲ ದಿನ ಎರಡು ಮೊಗ್ಗು ಮುರಿದ, ನಾನು ಗದರಿದೆ. ಅದಕ್ಕವನು, "ಆಯ್ತು ಅಕ್ಕೋರೆ" ಎಂದ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಹೆಂಗಸರೆಲ್ಲ ನಕ್ಕರು. ಅಂದಿನಿಂದ ಗದ್ದೆಯಲ್ಲಿ ಎಲ್ಲರಿಗೂ ನಾನು ಅಕ್ಕೋರು.

ದಿನ ಕಳೆದಂತೆ ಅವನು ಕಲಿತ. ವೈರ್ ಹಿಡಿದ ಕೈ ಹೂ ಹಿಡಿಯಲು ಕಲಿತದ್ದನ್ನು ನಾನು ಓರೆಗಣ್ಣಲ್ಲಿ ನೋಡುತ್ತಿದ್ದೆ. ಉಸಿರು ಹಿಡಿದುಕೊಂಡು, ಕೆಳತುಟಿ ಕಚ್ಚಿಕೊಂಡು, ಹೂವಿಗೆ ಹೂ ತಾಗಿಸುತ್ತಿದ್ದ. ಆಮೇಲೆ ಸರಿಯಾಯಿತಾ ಎಂಬಂತೆ ತಲೆ ಎತ್ತಿ ನನ್ನತ್ತ ನೋಡುತ್ತಿದ್ದ. ನಾನು ಹೂವನ್ನು ನೋಡಿ ತಲೆಯಾಡಿಸಬೇಕಿತ್ತು. ಅವನನ್ನು ನೋಡಿ ಆಡಿಸುತ್ತಿದ್ದೆ. ಇದು ಅವನಿಗೂ ಗೊತ್ತಾಗಿರಬೇಕು. ಯಾಕೆಂದರೆ ಫೆಬ್ರವರಿಯ ಹೊತ್ತಿಗೆ ಎಲ್ಲ ಸರಿಯಿದ್ದ ಹೂವಿಗೂ ತಲೆ ಎತ್ತಿ ನೋಡಲು ಶುರುಮಾಡಿದ್ದ.

ನನಗೆ ಮೂವತ್ತೊಂದು. ಎರಡು ಕಡೆಯಿಂದ ಸಂಬಂಧ ಬಂದು ಮುರಿದಿತ್ತು. ಮದುವೆಯಾದ ಮೇಲೂ ಸುಂಕಸಾಳ ಬಿಡುವುದಿಲ್ಲ, ಗದ್ದೆ ಬಿಡುವುದಿಲ್ಲ ಎಂದು ಚಹದ ತಟ್ಟೆ ಇಡುವಾಗಲೇ ಹೇಳಿದ್ದೆ. ಆ ಮನೆಯವರು ಚಹ ಕುಡಿದು ಹೋದರು. ಅದರ ಬೇಜಾರು ನನಗೆ ಇಲ್ಲ. ಆದರೆ ಒಂದು ಬೆಳಿಗ್ಗೆ ರೂಪೇಶ ಜ್ವರ ಬಂದು ಗದ್ದೆಗೆ ಇಳಿಯಲಿಲ್ಲ. ಅವತ್ತು ಹನ್ನೆರಡು ಹೂವಿಗೆ ಕೆಂಪು ದಾರ ಸುತ್ತಲು ಮರೆತೆ. ನನಗೆ ಅವನು ಬೇಕು ಎಂದು ನನಗೆ ಸ್ಪಷ್ಟವಾದದ್ದು ಆ ಹನ್ನೆರಡು ಕಾಯಿಯನ್ನು ಸಂತೆಗೆ ಕಳಿಸಿದಾಗ.

*

ಫೆಬ್ರವರಿ ಕೊನೆಯಲ್ಲಿ ಒಂದು ದಿನ ನಾವು ಏಳೂ ಜನ ಅಂಕೋಲೆಗೆ ಒಕ್ಕೂಟದ ಸಭೆಗೆ ಹೋಗಬೇಕಾಯಿತು. ಸಭೆ ಮುಗಿಯುವ ಲಕ್ಷಣವೇ ಇರಲಿಲ್ಲ. ನಾಲ್ಕು ಗಂಟೆಗೆ ಹೊರಗೆ ಬಂದು ರೂಪೇಶನಿಗೆ ಫೋನ್ ಮಾಡಿ, ಸಂಜೆ ದಾರ ಕಟ್ಟುವ ಕೆಲಸ ಒಬ್ಬರೇ ಮಾಡುತ್ತೀರಾ ಎಂದು ಕೇಳಿದೆ. ಆ ಗದ್ದೆಯನ್ನು ನಾನು ಅದುವರೆಗೆ ಒಂದು ಸಂಜೆಯೂ ಯಾರ ಕೈಗೂ ಬಿಟ್ಟಿರಲಿಲ್ಲ. ಅವನು ಮಾಡ್ತೆ ಎಂದ. ಅವನ ದನಿಯಲ್ಲಿ ಖುಷಿ ಇತ್ತು.

ಮರುದಿನ ಬೆಳಿಗ್ಗೆ ನಾವು ಹೋದಾಗ ಎಂಟೂ ಸಾಲಿನಲ್ಲಿ ಹೂವಿನ ಬಾಯಿ ಅಚ್ಚುಕಟ್ಟಾಗಿ ಕಟ್ಟಿತ್ತು. ಸೋಮಕ್ಕ ನೋಡಿ ಹುಡುಗನ ಕೈ ಪಳಗಿದೆ ಎಂದಳು. ಅವನು ನಗಲಿಲ್ಲ. ಅವತ್ತು ಅವನು ತಲೆ ಎತ್ತಿ ನನ್ನನ್ನು ನೋಡಲೂ ಇಲ್ಲ. ರಾತ್ರಿ ನಿದ್ದೆಯಾಗಿಲ್ಲ ಎಂದುಕೊಂಡೆ. ಪ್ರೀತಿಯಲ್ಲಿ ಇರುವವರು ಬೇಕಾದ ಕಾರಣವನ್ನೇ ಹುಡುಕಿಕೊಳ್ಳುತ್ತಾರೆ.

ಏಪ್ರಿಲ್‌ಗೆ ಕಾಯಿ ಬಲಿತು ಹಳದಿಯಾದವು. ಕೆಂಪು ದಾರದ ನೂರಾ ಹದಿನೆಂಟು ಕಾಯಿ ಕೊಯ್ದು ಸೋಮಕ್ಕನ ಮನೆಯಲ್ಲಿ ತೂಗುಹಾಕಿದೆವು. ಗುಡ್ಡದ ಕಡೆಯ ಐದು ಸಾಲಿನವು ಒಳಗೆ, ನದಿ ಕಡೆಯ ಮೂರು ಸಾಲಿನವು ಜಗುಲಿಯಲ್ಲಿ. ಯಾವುದು ಎಲ್ಲಿಯದು ಎಂದು ಬೇರೆ ಬೇರೆ ಇಡುವುದು ಸೋಮಕ್ಕನ ಹಳೆಯ ರೂಢಿ. ಬೀಜ ತೆಗೆಯುವ ದಿನ ನಿಶ್ಚಯವಾಯಿತು. ಮಲ್ಲಾಪುರಕ್ಕೆ ಐನೂರು ಪ್ಯಾಕೆಟ್ ತಯಾರು ಎಂದು ಸಂಧ್ಯಾ ಮೇಡಂಗೆ ತಿಳಿಸಿಯೂ ಆಯಿತು.

ಹಿಂದಿನ ದಿನ ರೂಪೇಶ ಬದುವಿನಲ್ಲಿ ನಿಂತು, ನಾಳೆ ಬೀಜ ತೆಗೆಯುವ ಮೊದಲು ನಿಮ್ಮ ಹತ್ತಿರ ಒಂದು ಮಾತು ಹೇಳುವುದಿದೆ ಎಂದ. ಲತಾ ಪಕ್ಕದ ಸಾಲಿನಲ್ಲಿ ಇದ್ದಳು. ಸಂಜೆಯೊಳಗೆ ಏಳೂ ಮನೆಗೆ ಸುದ್ದಿ ತಲುಪಿತು.

*

ಬೀಜ ತೆಗೆಯುವ ದಿನ ನಾನು ಅಬ್ಬಲಿಗೆ ಹೂವಿನ ದಂಡೆ ಮುಡಿದೆ. ಹಸಿರು ಸೀರೆ ಉಟ್ಟೆ. ಮೊಗೆಕಾಯಿ ಸೀಳಿ ಕೈಯೆಲ್ಲ ಲೋಳೆಯಾಗುವ ಕೆಲಸಕ್ಕೆ ಯಾರೂ ಇಸ್ತ್ರಿ ಸೀರೆ ಉಡುವುದಿಲ್ಲ. ಹೆಂಗಸರು ನೋಡಿ ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದುಕೊಂಡರು, ನನಗೆ ನಾಚಿಕೆಯಾಯಿತು. ನಾನು ಉತ್ತರವನ್ನೂ ತಯಾರು ಮಾಡಿಕೊಂಡಿದ್ದೆ. ಮೊದಲು ಸ್ವಲ್ಪ ಸತಾಯಿಸುವುದು, ಆಮೇಲೆ ಒಪ್ಪುವುದು.

ರೂಪೇಶ ಅಂಗಳಕ್ಕೆ ಬಂದ. ನನ್ನ ಸೀರೆ ನೋಡಿದ, ದಂಡೆ ನೋಡಿದ. ಅವನ ಮುಖ ಬಾಡಿತು.

"ನದಿ ಕಡೆಯ ಮೂರು ಸಾಲಿನ ಬೀಜ ತೆಗೀಬೇಡಿ" ಎಂದ.

ನನಗೆ ಅರ್ಥವಾಗಲಿಲ್ಲ. ಅವನೇ ನಿಧಾನಕ್ಕೆ ಹೇಳಿದ. ನಾವು ಅಂಕೋಲೆಗೆ ಹೋದ ಸಂಜೆ ಐದು ಸಾಲು ಮುಗಿಯುವಾಗ ದಾರ ಖಾಲಿಯಾಯಿತಂತೆ. ಕತ್ತಲಾಗುತ್ತಿತ್ತು, ಮನೆಗೆ ಹೋಗಿ ದಾರ ತರುವಷ್ಟು ಹೊತ್ತಿರಲಿಲ್ಲ. ಕಿನ್ನರದಲ್ಲಿ ಅವನ ಆಯಿ, ಅಂದರೆ ತಾಯಿ, ಹೂದಂಡೆ ಕಟ್ಟಿ ಕಾರವಾರಕ್ಕೆ ಕಳಿಸುವವರು. ಬಾಳೆನಾರು ನೆನೆಸಿ ಕಟ್ಟಿದರೆ ದಾರಕ್ಕಿಂತ ಗಟ್ಟಿ ಎಂದು ಅವನು ಹುಟ್ಟಿದಾಗಿನಿಂದ ನೋಡಿದ್ದ. ಉಳಿದ ಮೂರು ಸಾಲಿಗೆ ಬಾಳೆನಾರು ಕಟ್ಟಿದ. ದಂಡೆಯ ಹೂವು ಅರಳಲು ಹೊರಡುವುದಿಲ್ಲ, ಬಳ್ಳಿಯ ಹೂವು ಹೊರಡುತ್ತದೆ. ನಾರು ಒಣಗಿ ಸಡಿಲವಾಗಿತ್ತು. ಬೆಳಕು ಹರಿದಾಗ ಬಂದು ನೋಡಿದರೆ ಹತ್ತೋ ಹನ್ನೊಂದೋ ಹೂ ಬಾಯಿ ಬಿಟ್ಟಿದ್ದವು, ಎರಡರಲ್ಲಿ ಜೇನು ಕೂತಿತ್ತು. ಅವನು ಗಾಬರಿಯಾಗಿ ಮನೆಗೆ ಓಡಿ ದಾರ ತಂದು, ನಾವು ಬರುವಷ್ಟರಲ್ಲಿ ನಾರು ಬಿಚ್ಚಿ ಎಲ್ಲದಕ್ಕೂ ದಾರ ಕಟ್ಟಿಬಿಟ್ಟ. ನಾವು ಬಂದು ಆ ಹೂಗಳಿಗೂ ಕೆಂಪು ದಾರ ಸುತ್ತಿದೆವು.

ಯಾವ ಹನ್ನೊಂದು ಎಂದು ಕೇಳಿದೆ. ಗೊತ್ತಿಲ್ಲ ಎಂದ. ಎರಡು ತಿಂಗಳು ಏಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀವು ನನ್ನ ಮತ್ತೆ ಗದ್ದೆಗೆ ಇಳಿಸೋದಿಲ್ಲ ಅಂತ ಹೆದರಿಕೆ. ಗದ್ದೆಗಾಗಿ ಅಲ್ಲ. ನಿಮ್ಮನ್ನ ನೋಡೋದು ತಪ್ತದೆ ಅಂತ. ನೀವಂದ್ರೆ ನಂಗೆ ಅಷ್ಟು ಇಷ್ಟ. ಆದ್ರೆ ಆ ಬೀಜ ಪ್ಯಾಕೆಟಿಗೆ ಹೋದ್ರೆ ಆಮೇಲೆ ನಿಮ್ಮ ಮುಖ ನೋಡೂಕೇ ಆಗೋದಿಲ್ಲ ನಂಗೆ."

ಹೀಗೆ ಬಂತು ನಾನು ಕಾಯುತ್ತಿದ್ದ ಮಾತು. ನೂರಾ ಹದಿನೆಂಟರಲ್ಲಿ ಜಗುಲಿಯ ನಲವತ್ತಾರು ಕಾಯಿಯನ್ನು ಹಾಳುಮಾಡಿಕೊಂಡು ಬಂತು. ನನಗೆ ಅಳು ಬಂತು, ಸಿಟ್ಟೂ ಬಂತು. ಅಳುವುದನ್ನು ಮುಂದೂಡಿದೆ.

ಇದನ್ನು ನನಗೊಬ್ಬಳಿಗೆ ಹೇಳಿದರೆ ಆಗುವುದಿಲ್ಲ, ಒಳಗೆ ಬಂದು ಎಲ್ಲರಿಗೂ ನೀವೇ ಹೇಳಬೇಕು ಎಂದೆ. ಅವನು ಬಂದ. ಕುಡುಗೋಲು ಹಿಡಿದು ಕೂತಿದ್ದ ಆರು ಜನ ಹೆಂಗಸರ ಎದುರು ನಿಂತು, ಒಂದು ಅಕ್ಷರ ಬಿಡದೆ, ತಪ್ಪನ್ನು ಯಾರ ಮೇಲೂ ಹಾಕದೆ ಹೇಳಿದ. ಜಗುಲಿಯ ಕಾಯಿ ನೋಡಲು ಚೆನ್ನಾಗಿಯೇ ಇವೆಯಲ್ಲ, ಎರಡೇ ಹೂವಿನಲ್ಲಿ ಜೇನು ಕೂತದ್ದಲ್ಲವಾ ಎಂದು ಯಾರೋ ಸಣ್ಣ ದನಿಯಲ್ಲಿ ಅಂದರು. ಎಲ್ಲರೂ ಸೋಮಕ್ಕನ ಮುಖ ನೋಡಿದರು.

"ನಲ್ವತ್ತು ವರ್ಷದಿಂದ ಬೀಜ ಇಡ್ತೆ ನಾನು" ಎಂದಳು ಸೋಮಕ್ಕ. "ತಪ್ಪಾದದ್ದು ಮುಂದಿನ ವರ್ಷ ಬಳ್ಳಿ ಹೇಳ್ತದೆ. ಮನ್ಷ ಬಂದು ಮೊದ್ಲೇ ಹೇಳಿದ್ದು ಇದೇ ಸುರು. ಜಗುಲಿದು ಎಲ್ಲ ಸಂತಿಗೆ ಹೋಗ್ಲಿ. ಗೋದಾವರಿ, ನೀನು ಆ ಮೇಡಮ್ಮಗೆ ಫೋನ್ ಮಾಡು."

ಮಾಡಿದೆ. ಸುತ್ತಿಬಳಸಲಿಲ್ಲ. ಐನೂರು ಆಗುವುದಿಲ್ಲ, ಮುನ್ನೂರು ಕೊಡುತ್ತೇವೆ, ಕಾರಣ ಇದು ಎಂದೆ. ಸಂಧ್ಯಾ ಮೇಡಂ, ಉಳಿದ ಇನ್ನೂರು ಜನ ಬೇರೆ ಕಡೆ ಕೊಂಡರೆ ತಾನು ತಡೆಯಲು ಆಗುವುದಿಲ್ಲ ಎಂದರು. ಸರಿ ಎಂದೆ. ಫೋನ್ ಇಡುವ ಮೊದಲು ಇನ್ನೊಂದು ಮಾತು ಸೇರಿಸಿದರು. ಹೋದ ವರ್ಷ ನೀವು ಐನೂರು ಕೊಟ್ಟಿರಿ, ಯಾವುದು ಸರಿ ಎಂದು ನಿಮಗೇ ಗೊತ್ತಿರಲಿಲ್ಲ, ಈ ಮುನ್ನೂರನ್ನು ನಾನು ನಂಬಿ ಹಂಚಬಹುದು ಎಂದರು. ಇನ್ನೂರು ಕೈಬಿಟ್ಟ ದುಃಖ ಹೋಗಲಿಲ್ಲ. ಆದರೆ ಹೋದ ವರ್ಷದಿಂದ ಎದೆಯ ಮೇಲೆ ಕೂತಿದ್ದ ನಾಚಿಕೆ ಇಳಿಯಿತು. ಇನ್ನು ಮುಂದೆ ನಮ್ಮ ಪ್ಯಾಕೆಟ್ ಹಿಡಿದು ಯಾರ ಮನೆ ಬಾಗಿಲಿಗಾದರೂ ತಲೆ ಎತ್ತಿ ಹೋಗಬಲ್ಲೆ.

ಬೀಜ ತೆಗೆದು, ತೊಳೆದು, ಬೂದಿಯಲ್ಲಿ ಕಲಸಿ ಹರವುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಇಸ್ತ್ರಿ ಸೀರೆಯ ಕಥೆ ಮುಗಿದಿತ್ತು. ರೂಪೇಶ ಅಷ್ಟು ಹೊತ್ತಿಗೆ ಹೊರಟುಹೋಗಿದ್ದ. ಮಲ್ಲಾಪುರದಲ್ಲಿ ಮತ್ತೆ ವೈರಿಂಗ್ ಕೆಲಸಕ್ಕೆ ಕರೆದಿದ್ದಾರಂತೆ, ಹೋಗುವ ಯೋಚನೆ ಇದೆಯಂತೆ ಎಂದು ಲತಾ ಹೇಳಿದಳು. ಹೇಳಿ ನನ್ನ ಮುಖವನ್ನೇ ನೋಡುತ್ತ ಕೂತಳು. ನಾನು ಕೈ ತೊಳೆದುಕೊಂಡು ಎದ್ದೆ.

*

ಅವನು ತನ್ನ ಗದ್ದೆಯಲ್ಲಿ ಬಿರಿದ ಚಿಬ್ಬಡಗಳನ್ನು ಬುಟ್ಟಿಗೆ ತುಂಬುತ್ತಿದ್ದ. ಗಾಳಿಯಲ್ಲೆಲ್ಲ ಅದರ ಸಿಹಿ ವಾಸನೆ. ನನ್ನನ್ನು ನೋಡಿ ಎದ್ದು ನಿಂತ. ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

ನಾರು ಕಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ ಎಂದೆ. ಆ ತಪ್ಪು ಹೂ ಕಟ್ಟುವವರ ಮನೆಯಲ್ಲಿ ಬೆಳೆದ ಯಾರೇ ಆದರೂ ಮಾಡುತ್ತಿದ್ದರು. ಎರಡು ತಿಂಗಳು ಬಾಯಿ ಮುಚ್ಚಿಕೊಂಡದ್ದಕ್ಕೆ ಸಿಟ್ಟು ಇದೆ, ಅದು ಇನ್ನೂ ಒಂದು ವಾರ ಇರುತ್ತದೆ ಎಂದೆ. ಅವನು ತಲೆ ಆಡಿಸಿದ. ಒಂದು ವಾರ ಎಂದದ್ದು ಅವನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದ ಮೇಲೆ ಕಣ್ಣು ಮೇಲೆತ್ತಿದ. ಎಷ್ಟೋ ದಿನದ ಮೇಲೆ ಆ ನೋಟ ನನಗೆ ವಾಪಸ್ಸು ಸಿಕ್ಕಿತು.

"ಮಲ್ಲಾಪುರಕ್ಕೆ ಹೋಗ್ತೀರಂತೆ?"

"ಇಲ್ಲಿ ಇನ್ನು ಯಾವ ಮುಖ ಇಟ್ಟುಕೊಂಡು ಇರೋದು ಅಂತ."

"ಇದೇ ಮುಖ ಸಾಕು. ಮುಂದಿನ ಸಲನೂ ಚಿಬ್ಬಡನೇ ಹಾಕಿ."

"ಜೇನು ಹಾರ್ತದಲ್ಲ?"

"ಹಾರ್ಲಿ. ನಂಗೆ ನನ್ನ ಕೆಲಸ ಗೊತ್ತದೆ."

ಅವನು ನಕ್ಕ. ನಾನು ನಗಲಿಲ್ಲ, ಯಾಕೆಂದರೆ ಮುಂದಿನ ಮಾತಿಗೆ ಧೈರ್ಯ ಬೇಕಿತ್ತು. ಬೆಳಿಗ್ಗೆ ತಯಾರು ಮಾಡಿಕೊಂಡಿದ್ದ ಉತ್ತರ ಈಗ ಯಾವುದಕ್ಕೂ ಹೊಂದುತ್ತಿರಲಿಲ್ಲ. ತನಗೆ ನಷ್ಟವಾಗುತ್ತದೆಂದು ಗೊತ್ತಿದ್ದೂ ನನ್ನ ಬೀಜ ಕೆಡಬಾರದೆಂದು ಬಂದು ಹೇಳಿದವನು ಇವನು. ಇಂಥವನನ್ನು ಸತಾಯಿಸಲು ನನಗೆ ಮನಸ್ಸಾಗಲಿಲ್ಲ.

"ನಂಗೂ ನೀವು ಬೇಕು" ಎಂದೆ. "ಆದ್ರೆ ನಾ ಕಿನ್ನರಕ್ಕೆ ಬಂದು ಕೂತ್ಕೊಳ್ಳೋಳಲ್ಲ. ನನ್ನ ಗದ್ದೆ ಇಲ್ಲಿ, ನನ್ನ ಜನ ಇಲ್ಲಿ. ಇದನ್ನ ನಿಮ್ಮ ಆಯಿಗೆ ಮೊದ್ಲೇ ಹೇಳಿ."

"ಹೇಳಿ ಆಗಿದೆ."

"ಯಾವಾಗ?"

"ಫೆಬ್ರವರೀಲಿ."

ಫೆಬ್ರವರಿಯಲ್ಲಿ ನಾನಿನ್ನೂ ಅವನನ್ನು ಓರೆಗಣ್ಣಲ್ಲಿ ನೋಡುತ್ತಿದ್ದೆ. ಈ ಮನುಷ್ಯ ಅಷ್ಟರಲ್ಲಿ ಮನೆ ಬದಲಿಸುವುದನ್ನೂ ತೀರ್ಮಾನ ಮಾಡಿ ಕೂತಿದ್ದ. ಅವರೇನೆಂದರು ಎಂದು ಕೇಳಿದೆ. ಆಯಿ ಒಂದೇ ಪ್ರಶ್ನೆ ಕೇಳಿದರಂತೆ, ಹುಡುಗಿ ಒಪ್ಪಿದ್ದಾಳಾ ಎಂದು. ಅದಕ್ಕೆ ಏನು ಹೇಳಬೇಕೆಂದು ತಿಳಿಯದೆ ಎರಡು ತಿಂಗಳಿಂದ ಅವರ ಫೋನ್ ಬಂದಾಗಲೆಲ್ಲ ಚಿಬ್ಬಡದ ಸುದ್ದಿ ಹೇಳುತ್ತಿದ್ದನಂತೆ.

"ಹಚ್ಚಿ ಫೋನು" ಎಂದೆ.

ಹಚ್ಚಿದ. ಆಚೆಯಿಂದ ಕೊಂಕಣಿಯಲ್ಲಿ ಊಟವಾಯಿತಾ ಎಂಬ ದನಿ ಕೇಳಿತು. ಇವನು ಆಯಿ, ಆಯಿ ಎಂದು ಎರಡು ಸಲ ಅಂದು ಅಲ್ಲೇ ನಿಂತ. ಆರು ಜನ ಹೆಂಗಸರ ಎದುರು ತಡವರಿಸದೆ ಮಾತಾಡಿದವನ ನಾಲಿಗೆ ಈಗ ಏಳುತ್ತಿರಲಿಲ್ಲ. ನಾನು ಅವನ ಕೈಯಿಂದ ಫೋನ್ ತೆಗೆದುಕೊಂಡೆ. ಅವನ ಬೆರಳು ಬಿಸಿಯಾಗಿತ್ತು, ಚಿಬ್ಬಡದ ರಸದಿಂದ ಅಂಟುತ್ತಿತ್ತು. ಆ ಕೈಯನ್ನು ನಾನು ಬಿಡಲಿಲ್ಲ.

"ಆಯಿ, ನಾನು ಗೋದಾವರಿ, ಸುಂಕಸಾಳದಿಂದ" ಎಂದೆ. "ನಿಮ್ಮ ಮಗನ ಬಟ್ಟೆಬರೆ ಎಲ್ಲ ಇಲ್ಲಿಗೇ ಕಳ್ಸಿಬಿಡಿ."